ಬೀಗದ ಪುಸ್ತಕಕ್ಕೊಬ್ಬ ಗಿರಾಕಿ

ನಮ್ಮ ಚಿಕ್ಕಮ್ಮ ಹೊಲಿಗೆಯಲ್ಲಿ ಎತ್ತಿದ ಕೈ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಅಂಗೈಯಗಲದ ತುಂಡು ಉಳಿದರೂ ಮಡಿಸಿ ವಾಪಸು ಕೊಡುವವಳು. ಇಂಥವಳಿಗೆ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಟಿಸು ಬಂತು: ನೀವು ಬರೀ ತೆಗೆದುಕೊಳ್ಳುತ್ತೀರಿ, ಕೊಡುವುದಿಲ್ಲ, ಈ ತಿಂಗಳೊಳಗೆ ಸರಿಪಡಿಸದಿದ್ದರೆ ಬಳಗದಿಂದ ಹೊರಗೆ.

ಆ ಬಳಗವೆಂದರೆ ಅವಳಿಗೆ ಪ್ರಾಣ. ಎಲ್ಲೆಲ್ಲಿಯೋ ಇರುವ ಸದಸ್ಯರು ಹಳೆಯ ಪುಸ್ತಕಗಳನ್ನು ತಾವೇ ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ, ಇಂಟರ್‌ನೆಟ್ಟಿನಲ್ಲಿ ಹಂಚಿಕೊಳ್ಳುತ್ತಾರೆ. ಫೈಲು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಹೋಗುತ್ತದೆ. ಪಡೆದದ್ದರಲ್ಲಿ ಅರ್ಧದಷ್ಟನ್ನಾದರೂ ಬೇರೆಯವರಿಗೆ ದಾಟಿಸಬೇಕು, ಅದು ಅಲ್ಲಿಯ ನ್ಯಾಯ. ಅಂಗಡಿಯಲ್ಲಿ ಒಬ್ಬಳೇ ಕೂತು ಹೊಲಿಯುವವಳಿಗೆ ದಿನವಿಡೀ ಆ ಧ್ವನಿಗಳೇ ಜೊತೆ.

"ನಾನು ಕಳ್ಳಿ ಅಂತಾನಾ ಇವರ ಅರ್ಥ?" ಎಂದು ಫೋನಿನಲ್ಲೇ ಅತ್ತುಬಿಟ್ಟಳು. ಅಂಗಡಿಗೆ ಹೋಗಿ ನೋಡಿದರೆ ಕಂಪ್ಯೂಟರು ಬಹುಮಟ್ಟಿಗೆ ಖಾಲಿ!

"ಕೇಳಿದ ಪುಸ್ತಕ ಎಲ್ಲ ಎಲ್ಲಿ ಚಿಕ್ಕಮ್ಮ?"

"ಅಳಿಸಿಬಿಟ್ಟೆ. ಕೆಲಸ ಮುಗಿದ ಮೇಲೂ ಬೇರೆಯವರ ಸಾಮಾನು ಇಟ್ಕೊಳ್ಳೋದಾ?"

ನನಗೆ ನಗು ತಡೆಯಲಾಗಲಿಲ್ಲ. ಪ್ರಾಮಾಣಿಕತೆ ಅತಿಯಾಗಿ ಕಳ್ಳಿ ಎನಿಸಿಕೊಂಡವಳು ಇವಳೊಬ್ಬಳೇ ಇರಬೇಕು. ಇಟ್ಟುಕೊಂಡರೆ ತಾನೇ ಕೊಡಲು ಸಾಧ್ಯ ಎಂದು ಬಿಡಿಸಿ ಹೇಳಿದೆ. ಆದರೆ ಹೊಸದೇನನ್ನೂ ಇಳಿಸಿಕೊಳ್ಳದಂತೆ ಬಳಗದವರು ಆಗಲೇ ಅವಳನ್ನು ತಡೆದಿದ್ದರು. ಕೇಳಿ ಮುಗಿಸದ ಒಂದೇ ಒಂದು ಪುಸ್ತಕ ಉಳಿದಿತ್ತು: ಬೀಗ ರಿಪೇರಿಯ ಕೈಪಿಡಿ. ಯಾರೋ ಹಿರಿಯರು ಕೆಮ್ಮುತ್ತ, ನೀರು ಕುಡಿಯುತ್ತ, ಒಂದು ಸ್ಕ್ರೂವನ್ನೂ ಬಿಡದೆ ಓದಿದ್ದರು. ಅವಳು ಅದುವರೆಗೆ ಕೇಳಿದ್ದ ಕಥೆ ಕಾದಂಬರಿಗಳನ್ನೆಲ್ಲ ಸೇರಿಸಿದರೂ ಇದೇ ದೊಡ್ಡ ಫೈಲು.

"ಇದನ್ನ ಯಾಕೆ ತಗೊಂಡೆ?"

"ಕೈತಪ್ಪಿ ಒತ್ತಿಬಿಟ್ಟೆ. ಆಮೇಲೆ ಪಾಪ ಅನ್ನಿಸ್ತು. ಅಷ್ಟು ಕಷ್ಟಪಟ್ಟು ಓದಿದಾರೆ, ಅರ್ಧಕ್ಕೆ ಹೇಗೆ ಬಿಡೋದು?"

ಅಂದಿನಿಂದ ಕಂಪ್ಯೂಟರನ್ನು ಆರಿಸಲೇ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಂದು ನರಪಿಳ್ಳೆಯೂ ಆ ಪುಸ್ತಕ ಕೇಳಲಿಲ್ಲ. ಕೊಡುವವಳು ಬಾಗಿಲು ತೆರೆದು ಕೂತಿದ್ದರೂ ತೆಗೆದುಕೊಳ್ಳುವವರಿಲ್ಲದಿದ್ದರೆ ಲೆಕ್ಕಕ್ಕಿಲ್ಲವಂತೆ, ಇದ್ಯಾವ ಸೀಮೆ ನ್ಯಾಯ ಎಂದು ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಅಂಕಿ ತೋರಿಸುವ ಉಪಾಯವಿದೆ, ಮಾಡಿಕೊಡಲಾ ಎಂದೆ. ಅಳತೆ ಟೇಪು ನನ್ನ ಮೇಲೆ ಹಾರಿಬಂತು.

"ಹೊರಗೆ ಹಾಕಿದ್ರೆ ಹಾಕ್ಲಿ! ಮೋಸ ಮಾಡಿ ಒಳಗಿರೋ ದರ್ದು ನನಗಿಲ್ಲ."

ರೇಗಿ ಮುಗಿದ ಮೇಲೆ ಮುಖ ಬಾಡಿತು. ಬೇರೇನೂ ಇಲ್ಲದ್ದರಿಂದ ಬೀಗದ ಪುಸ್ತಕವನ್ನೇ ಕೇಳಿ ಮುಗಿಸಿ, ಮತ್ತೆ ಮೊದಲಿನಿಂದ ಹಾಕಿಕೊಂಡಳು.

ತಿಂಗಳು ಮುಗಿಯುತ್ತ ಬಂದಾಗ ಒಂದು ದಿನ ಫೋನು ಬಂತು. "ಬೇಗ ಬಾರೇ! ಯಾರೋ ತಗೋತಿದಾರೆ!"

ನಾನು ಹೋದಾಗ ಹೊಲಿಗೆ ಯಂತ್ರ ಸುಮ್ಮನಿತ್ತು. ಒಂದೇ ತೋಳು ಹೊಲಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಸಂಜೆಯ ಹೊತ್ತಿಗೆ ಫೈಲು ಪೂರ್ತಿ ದಾಟಿತು. ಹಿಂದೆಯೇ ಸಂದೇಶ ಬಂತು. ಬರೆದವರು ಆ ಪುಸ್ತಕ ಓದಿದ್ದ ಹಿರಿಯರೇ!

"ನನ್ನ ಕಂಪ್ಯೂಟರ್ ಕೆಟ್ಟು ಎಲ್ಲ ಹೋಯ್ತು. ಬೇರೆ ಯಾರೂ ಇದನ್ನ ಉಳಿಸ್ಕೊಂಡಿರ್ಲಿಲ್ಲ. ದೊಡ್ಡ ಉಪಕಾರ ಆಯ್ತಮ್ಮ. ಒಂದು ಮಾತು ಕೇಳ್ಲಾ? ನೀವು ಇದನ್ನ ನಿಜವಾಗ್ಲೂ ಕೇಳಿದ್ರಾ? ನಮ್ಮ ಮನೇಲೇ ಯಾರೂ ಕೇಳಿಲ್ಲ."

ಚಿಕ್ಕಮ್ಮನ ಮುಖ ಇಷ್ಟಗಲ ಆಯಿತು. "ಬರಿಯೇ, ಎರಡು ಸಲ ಕೇಳಿದೀನಿ ಅಂತ ಬರಿ. ಮೊದಲನೇ ಸಲ ಬೈಕೊಂಡು ಕೇಳ್ದೆ, ಎರಡನೇ ಸಲ ಇಷ್ಟಪಟ್ಟು ಕೇಳ್ದೆ, ಅದನ್ನೂ ಬರಿ. ಪಕ್ಕದ ಅಂಗಡಿ ಷಟರಿನ ಬೀಗ ಸಿಕ್ಕಾಕೊಂಡಾಗ ನಾನೇ ಬಿಚ್ಚಿದೆ, ಅದನ್ನ ಮರೀಬೇಡ!"

ಬರೆದು ಕಳಿಸಿ, "ನೋಡಿಲ್ಲಿ ಚಿಕ್ಕಮ್ಮ, ಇದೊಂದೇ ದೊಡ್ಡ ಫೈಲಿಂದ ನಿನ್ನ ಲೆಕ್ಕ ಅರ್ಧ ದಾಟಿದೆ. ಇನ್ನು ನಿನ್ನನ್ನ ಯಾರೂ ಹೊರಗೆ ಹಾಕಲ್ಲ" ಎಂದು ಪರದೆ ತೋರಿಸಿದೆ.

ಅವಳು ಅತ್ತ ತಿರುಗಲೂ ಇಲ್ಲ. "ಅದಿರ್ಲಿ ಬಿಡೇ. ಮುಂದಿನ ಪುಸ್ತಕ ಯಾವಾಗ ಓದ್ತೀರಿ ಅಂತ ಅವರನ್ನ ಕೇಳು. ಯಾವುದಾದ್ರೂ ಸರಿ, ನಾನು ಕೇಳ್ತೀನಿ ಅಂತ ಹೇಳು."