ಬಾಗಿಲ ಹಿಂದಿನ ಒಂದು ಮೂಲೆ

ನನ್ನ ತಮ್ಮ ಐಗಿಲ್ ಕುರ್ಚಿ ಮಾಡುವವನು. ಹಾಗೆಂದರೆ ಅವನಿಗೆ ಸಿಟ್ಟು ಬರುತ್ತದೆ. "ಮಾಡೋನು ಬಡಗಿ ಕಣಕ್ಕ, ನಾನು ಯೋಚಿಸೋನು" ಎನ್ನುತ್ತಾನೆ. ಆಯಿತಪ್ಪ, ಯೋಚಿಸುವವನು. ಯೋಚಿಸಿ ಯೋಚಿಸಿ ಕುರ್ಚಿಯ ಕೈಗಳನ್ನು ತೆಗೆದ, ಮೆತ್ತೆ ತೆಗೆದ, ಬೆನ್ನಿನಲ್ಲಿ ಅರ್ಧ ತೆಗೆದ. ಉಳಿದದ್ದಕ್ಕೆ ಕೋಪನ್‌ಹೇಗನ್ನಿನವರು ಪದಕ ಕೊಟ್ಟರು.

ಆದರೆ ನಾನು ಬರೆಯಹೊರಟಿರುವುದು ಅವನ ಕಥೆಯಲ್ಲ, ಅವನ ಹೆಂಡತಿ ಥೈರಾಳದು. ಈ ವಸಂತದಲ್ಲಿ ಅವಳನ್ನು ಮಣ್ಣು ಮಾಡಿದೆವು. ಪಾದ್ರಿ ಎದ್ದು ನಿಂತು, ಸರಳತೆಯೇ ಅವಳ ಉಸಿರಾಗಿತ್ತು ಎಂದ. ಊರಿನವರೆಲ್ಲ ತಲೆದೂಗಿದರು. ನಾನು ತಲೆದೂಗಲಿಲ್ಲ. ಅವಳ ಉಸಿರು ಏನಾಗಿತ್ತು ಎಂದು ಪಕ್ಕದ ಗೋಡೆಯಾಚೆ ಬದುಕಿದ ನನಗೆ ಗೊತ್ತಿಲ್ಲವೇ?

ಥೈರಾ ಎರೋ ದ್ವೀಪದವಳು, ಹಡಗಿನ ಅಡುಗೆಯವನ ಮಗಳು. ನಾನು ಅವಳ ತವರಿಗೆ ಹೋಗಿದ್ದೆ. ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆ ತುಂಬ ತಟ್ಟೆಗಳು, ಕಸೂತಿ ಹಾಕಿದ ದಿಂಬುಗಳು, ಕಿಟಕಿಯಲ್ಲಿ ಎರಡು ಪಿಂಗಾಣಿ ನಾಯಿಗಳು. ಅವಳ ಅಪ್ಪ ಹಡಗು ಹತ್ತಿದರೆ ಅಮ್ಮ ಆ ನಾಯಿಗಳ ಮುಖವನ್ನು ಸಮುದ್ರದ ಕಡೆಗೆ ತಿರುಗಿಸುತ್ತಿದ್ದಳು, ಅವನು ಬಂದರೆ ಮನೆಯೊಳಕ್ಕೆ. ಒಲೆಯ ಪಕ್ಕದಲ್ಲಿ ಒಂದು ಹಸಿರು ಮಖಮಲ್ಲಿನ ಕುರ್ಚಿ. ಎರಡೂ ಕಡೆ ದಪ್ಪ ಕೈಗಳು, ತಲೆಗೆ ಆನಿಕೆ, ಕೆಳಗೆ ಸುತ್ತ ಜಾಲರಿ. ಕೂತರೆ ಏಳಲು ಮನಸ್ಸು ಬರುತ್ತಿರಲಿಲ್ಲ. ಆ ಮನೆಯ ಮಕ್ಕಳೆಲ್ಲ ಹಾಲು ಕುಡಿದದ್ದು ಅದರ ಮೇಲೆಯೇ.

ಐಗಿಲ್ ಕೆಟ್ಟವನು ಎಂದು ಯಾರೂ ತಿಳಿಯಬೇಡಿ. ಅವನು ಅವಳನ್ನು ಪ್ರೀತಿಸುತ್ತಿದ್ದ, ಅದೂ ನನಗೆ ಗೊತ್ತು. ಮದುವೆಗೆ ಮುಂಚೆ ಅವಳನ್ನು ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, ಮಂಡಿಯಿಂದ ಹಿಮ್ಮಡಿಯವರೆಗೆ ಅಳತೆ ತೆಗೆದ, ಬೆನ್ನಿನ ಬಾಗನ್ನು ತಂತಿಯಲ್ಲಿ ಬಗ್ಗಿಸಿಕೊಂಡ. ಮದುವೆಯ ದಿನ ಅವಳಿಗೆಂದೇ ಮಾಡಿದ ಒಂದು ತಗ್ಗು ಕುರ್ಚಿ ಕೊಟ್ಟ. ಓಕ್ ಮರ, ಕಾಗದದ ಹುರಿಯಲ್ಲಿ ಹೆಣೆದ ಸೀಟು. ಅವಳು ಕೂತಳು, ಕುರ್ಚಿ ಅವಳನ್ನು ಹಿಡಿದುಕೊಂಡಿತು. ಎಲ್ಲರೆದುರೂ ಅತ್ತುಬಿಟ್ಟಳು. ನನಗೆ ಕೊಟ್ಟಿದ್ದರೂ ಅಳು ಬರುತ್ತಿತ್ತು. ನನ್ನ ಗಂಡ ನನಗೆ ಕೊಟ್ಟಿದ್ದು ಇಸ್ತ್ರಿಪೆಟ್ಟಿಗೆ.

ಆ ಕುರ್ಚಿಯೇ ಮುಂದೆ ಅವನ ಹೆಸರಾಯಿತು. ಅಮೇರಿಕಾದ ತನಕ ಹೋಯಿತು. ಮನೆಯೊಳಗೆ ಮಾತ್ರ ವಸ್ತುಗಳು ಒಂದೊಂದಾಗಿ ಹೊರಗೆ ನಡೆದವು. ಸ್ವೆನ್‌ಬೊರ್ ಬಂದರಿನ ಮೇಲಿನ ದಿಣ್ಣೆಯಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ನಡುವೆ ಗೋಡೆ ಹಾಕಿ ಅರ್ಧ ನನಗೆ, ಅರ್ಧ ಅವನಿಗೆ. ನನ್ನ ಅರ್ಧಕ್ಕೆ ಪರದೆ, ಹೂಕುಂಡ, ಬೆಕ್ಕು. ಅವನು ಅದನ್ನು "ಸಂತೆ" ಎನ್ನುತ್ತಿದ್ದ. ಅವನ ಅರ್ಧ ಬಿಳಿ ಗೋಡೆ, ಬಿಳಿ ನೆಲ, ಪರದೆಯಿಲ್ಲದ ಕಿಟಕಿ. ಊಟದ ಮೇಜಿನ ಮೇಲೆ ತಗ್ಗಾಗಿ ಒಂದೇ ಒಂದು ದೀಪ. ತಟ್ಟೆ ಕಾಣುತ್ತಿತ್ತು, ಎದುರಿಗೆ ಕೂತವರ ಮುಖ ಕಾಣುತ್ತಿರಲಿಲ್ಲ. ಹೆಣಿಗೆಗೆ ಬೆಳಕು ಸಾಲದೆಂದು ಥೈರಾ ಇನ್ನೊಂದು ದೀಪ ಕೇಳಿದಳು. "ಹಗಲಲ್ಲಿ ಹೆಣಿ, ಹಗಲ ಬೆಳಕಿಗಿಂತ ಒಳ್ಳೇ ದೀಪ ಯಾರೂ ಮಾಡಿಲ್ಲ" ಎಂದ. ಡಿಸೆಂಬರಿನಲ್ಲಿ ನಮ್ಮೂರಿನಲ್ಲಿ ಹಗಲೆಲ್ಲಿದೆ? ಕ್ರಿಸ್‌ಮಸ್ ಮರಕ್ಕೂ ಬರೀ ಬಿಳಿ ಮೇಣದ ಬತ್ತಿ. ಕೆಂಪು ಕಾಗದದ ಹೃದಯ, ಬಾವುಟದ ಸರ, ಒಂದೂ ಕೂಡದು. ಬಟ್ಟೆಯೂ ಅಷ್ಟೇ. ಮದುವೆಯಾಗಿ ಬಂದಾಗ ಗಿಣಿಯ ಹಾಗಿದ್ದ ಹುಡುಗಿ ಬೂದು ಸ್ವೆಟರಿನಲ್ಲಿ ಗೋಡೆಗೆ ಒರಗಿ ನಿಂತರೆ ಎಲ್ಲಿದ್ದಾಳೆಂದು ಹುಡುಕಬೇಕು.

"ನಿಂಗೆ ಬೇಜಾರಾಗಲ್ವೇನೆ?" ಎಂದು ಕೇಳಿದರೆ, "ಅವನ ಕಣ್ಣಿಗೆ ನೋವಾಗತ್ತೆ ಬೋದಿಲ್. ಸಾಮಾನು ನೋಡಿದ್ರೆ ಅವನಿಗೆ ತಲೆನೋವು ಬರತ್ತೆ" ಎನ್ನುತ್ತಿದ್ದಳು.

"ಬರ್ಲಿ. ಮಾತ್ರೆ ನುಂಗ್ಲಿ."

ನಗುತ್ತಿದ್ದಳು. ನಕ್ಕು ತನ್ನ ಕಡೆಗೆ ಹೋಗುತ್ತಿದ್ದಳು.

ಅವಳ ಅಮ್ಮ ತೀರಿಕೊಂಡಾಗ ಅಣ್ಣತಮ್ಮಂದಿರು ಮನೆ ಮಾರಿದರು. ಥೈರಾ ಬೇರೇನನ್ನೂ ಕೇಳಲಿಲ್ಲ, ಆ ಹಸಿರು ಕುರ್ಚಿ ಮತ್ತು ಎರಡು ನಾಯಿ ಸಾಕೆಂದಳು. ದೋಣಿಯಲ್ಲಿ ಬಂತು ಕುರ್ಚಿ, ಕಂಬಳಿ ಹೊದ್ದುಕೊಂಡು. ಅಂಗಳದಲ್ಲಿ ಇಳಿಸಿದರು. ಜಿಟಿಜಿಟಿ ಹನಿಯುತ್ತಿತ್ತು. ಐಗಿಲ್ ಹೊರಗೆ ಬಂದು ಕಂಬಳಿಯ ಒಂದು ತುದಿ ಎತ್ತಿ ನೋಡಿ, ಸತ್ತ ಇಲಿ ಕಂಡವನಂತೆ ಬಿಟ್ಟುಬಿಟ್ಟ.

"ಇದು ಒಳಗೆ ಬರಲ್ಲ, ಥೈರಾ."

"ಹಾಲ್‌ನಲ್ಲಿ ಬೇಡ. ಮಲಗೋ ಕೋಣೇಲಿ, ಬಾಗಿಲ ಹಿಂದೆ. ಬಾಗಿಲು ತೆರೆದ್ರೆ ಕಾಣೋದೂ ಇಲ್ಲ. ಒಂದು ಮೂಲೆ, ಐಗಿಲ್. ಅಷ್ಟೇ ನಾನು ಕೇಳ್ತಿರೋದು."

"ಮೂಲೆ ಅನ್ನೋದೂ ಕೋಣೇದೇ ಭಾಗ" ಎಂದ ತಮ್ಮ. ಕಡ್ಡಿ ಮುರಿದ ಹಾಗೆ ಹೇಳಿ ಒಳಗೆ ಹೋದ.

ಅವಳು ಬಾಯಿಬಿಟ್ಟು ತನಗಾಗಿ ಕೇಳಿದ್ದು ಅದೊಂದೇ ಸಲ ಇರಬೇಕು. ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು, ಕುರ್ಚಿ ನೆನೆಯದಂತೆ ಕಂಬಳಿ ಸರಿಮಾಡುತ್ತ. ನನಗೆ ತಡೆಯಲಾಗಲಿಲ್ಲ. "ಹಿಡಿ ಆ ಕಡೆ" ಎಂದೆ. ಇಬ್ಬರೂ ಸೇರಿ ನನ್ನ ಕಡೆಯ ನೆಲಮಾಳಿಗೆಗೆ ಇಳಿಸಿದೆವು, ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ.

ಯಂತ್ರ ಇದ್ದದ್ದು ನನ್ನ ಕಡೆ ಮಾತ್ರ. ಅವನ ಕಡೆ ಇಡಲು ಅದು ಚೆಂದವಿರಲಿಲ್ಲವಲ್ಲ! ಅಂದಿನಿಂದ ಥೈರಾ ಒಗೆತಕ್ಕೆಂದು ಇಳಿದರೆ ಯಂತ್ರ ನಿಂತು ಎಷ್ಟು ಹೊತ್ತಾದರೂ ಮೇಲೆ ಬರುತ್ತಿರಲಿಲ್ಲ. ಕಾಫಿ ಹಿಡಿದು ನಾನೇ ಇಳಿಯುತ್ತಿದ್ದೆ. ಆ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಆನಿಸಿ, ನನ್ನ ಕೆಂಪು ಶಾಲು ಹೊದ್ದು, ಬಲ್ಬಿನ ಬೆಳಕಿನಲ್ಲಿ ಹೆಣೆಯುತ್ತಿರುತ್ತಿದ್ದಳು. ನಾಯಿಗಳು ಸೋಪಿನ ಪುಡಿಯ ಡಬ್ಬದ ಅಕ್ಕಪಕ್ಕ. ಅಲ್ಲಿ ಅವಳು ಬೇರೆಯೇ ಹೆಂಗಸು. ದ್ವೀಪದವರ ಮಾತನಾಡುತ್ತಿದ್ದಳು, ಪೋಲಿ ಜೋಕು ಹೇಳುತ್ತಿದ್ದಳು, ಕೇಕಿನ ಎರಡನೇ ತುಂಡಿಗೆ ಕೈಹಾಕುತ್ತಿದ್ದಳು. ಹೆಣೆದದ್ದನ್ನೆಲ್ಲ ನನ್ನ ಕಪಾಟಿನಲ್ಲಿ ಇಟ್ಟು, ಬೂದು ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಹೋಗುತ್ತಿದ್ದಳು. "ಅವರಿಬ್ಬರ ಬಟ್ಟೆ ಅದೆಷ್ಟು ಕೊಳೆಯಾಗತ್ತಪ್ಪಾ" ಎಂದು ನನ್ನ ಗಂಡ ಆಶ್ಚರ್ಯಪಡುತ್ತಿದ್ದ.

ವಯಸ್ಸಾಯಿತು. ಅವಳ ಸೊಂಟ ಹೋಯಿತು, ನೆಲಮಾಳಿಗೆಯ ಮೆಟ್ಟಿಲು ಇಳಿಯಲಾರದಾದಳು. ಉಳಿದದ್ದು ಮದುವೆಯ ಆ ತಗ್ಗು ಕುರ್ಚಿ. ಅದರಿಂದ ಏಳಬೇಕಾದರೆ ಹಿಡಿಯಲು ಕೈಯಿಲ್ಲ, ಪಕ್ಕದಲ್ಲಿ ಮೇಜಿಲ್ಲ, ಗೋಡೆ ದೂರ. ಮುಂದಕ್ಕೆ ಬಾಗಿ, ಹಿಂದಕ್ಕೆ ಬಿದ್ದು, ಮತ್ತೆ ಬಾಗಿ... ನೋಡುವವರಿಗೆ ಸಂಕಟ. ನಾನು ತಮ್ಮನಿಗೆ ಹೇಳಿದೆ: "ಆ ಹಸಿರು ಕುರ್ಚಿ ಮೇಲೆ ತರಿಸೋ. ಕೈ ಊರಿ ಏಳ್ತಾಳೆ."

"ಇದು ಅವಳ ಅಳತೇಗೇ ಮಾಡಿರೋ ಕುರ್ಚಿ ಅಕ್ಕ. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ."

"ಅಳತೆ ತೆಗೆದಾಗ ಅವಳಿಗೆ ಪ್ರಾಯ ಕಣೋ! ಈಗ ಅವಳು ಮುದುಕಿ!"

"ಮಂಡಿ ಉದ್ದ ಬದಲಾಗಲ್ಲ" ಎಂದ. ಇಂಥವನ ಹತ್ತಿರ ಏನು ವಾದ ಮಾಡುತ್ತೀರಿ? ಊರಿಗೆ ಉಪಕಾರಿ, ಮನೆಗೆ ಮಾರಿ.

ಪುರಸಭೆಯಿಂದ ಒಬ್ಬ ಹೆಂಗಸು ಬಂದಳು. ವಯಸ್ಸಾದವರಿರುವ ಮನೆಗಳಿಗೆ ಬಂದು, ಹೇಗಿದ್ದೀರಿ, ಏನು ಬೇಕು ಎಂದು ವಿಚಾರಿಸುವುದು ಅವಳ ಕೆಲಸ. ಒಳಗೆ ಬಂದವಳು ಸುತ್ತ ನೋಡಿ, "ಓ, ಸಾಮಾನೆಲ್ಲ ಆಗ್ಲೇ ಸಾಗಿಸ್ಬಿಟ್ರಾ? ವೃದ್ಧಾಶ್ರಮದಲ್ಲಿ ಜಾಗ ಸಿಕ್ತಾ?" ಎಂದಳು. ನಾನು ಕೆಮ್ಮುವ ಹಾಗೆ ಮಾಡಿ ನಕ್ಕೆ. ಐಗಿಲ್ ಮುಖ ಸುಣ್ಣವಾಯಿತು. ಅತಿಥಿ ಬಂದಿದ್ದಾರೆ, ಕಾಫಿ ತರಬೇಕು ಎಂದು ಥೈರಾ ಏಳಲು ಹೋದಳು. ಅರ್ಧ ಎದ್ದಳು. ಆ ಬಿಳಿ ನೆಲದಲ್ಲಿ ಹಿಡಿದುಕೊಳ್ಳಲು ಏನಾದರೂ ಇದ್ದಿದ್ದರೆ! ಪಕ್ಕಕ್ಕೆ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಅವಳನ್ನು ನೇರವಾಗಿ ವೃದ್ಧಾಶ್ರಮಕ್ಕೆ ಕಳಿಸಿದರು. ಅಲ್ಲಿ ಹಾಸಿಗೆ ಅವರದು, ಉಳಿದ ಸಾಮಾನು ನಮ್ಮ ನಮ್ಮ ಮನೆಯದು. "ನಿಂಗೆ ಏನು ಬೇಕು ಹೇಳೇ" ಎಂದೆ. ಅವಳು ಬಾಗಿಲ ಕಡೆ ನೋಡಿದಳು, ಅವನು ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಬೋದಿಲ್, ಇದು ನನ್ನ ಕೋಣೆ ಅಲ್ವಾ? ನನ್ನ ಹೆಸರು ಬಾಗಿಲ ಮೇಲಿದೆ ಅಲ್ವಾ?" ಎಂದಳು.

"ಹೌದು ಕಣೇ."

"ಹಾಗಾದ್ರೆ ತಂದುಬಿಡು."

ತಂದೆ. ನಾಯಿಗಳನ್ನೂ ತಂದೆ, ಕೆಂಪು ಶಾಲನ್ನೂ ತಂದೆ, ದೊಡ್ಡ ದೀಪ ಒಂದನ್ನೂ ತಂದೆ. ಅವಳು ಕುರ್ಚಿಯಲ್ಲಿ ಕೂತಳು. ಎರಡು ಕೈ ಊರಿ ಎದ್ದಳು. ಕೂತಳು. ಎದ್ದಳು. "ನೋಡು, ನೋಡು!" ಎನ್ನುತ್ತಿದ್ದಳು, ನಡೆಯಲು ಕಲಿತ ಮಗುವಿನ ಹಾಗೆ. ನಮ್ಮಿಬ್ಬರಿಗೂ ನಗು, ಅಳು ಎರಡೂ ಬಂತು. ಅಂತೂ ಒಂದು ಮೂಲೆ ಸಿಕ್ಕಿತಲ್ಲ ಎಂದು ನಾನು ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡಿದೆ.

ಮರುದಿನ ಐಗಿಲ್ ಹೋದ. ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದನಂತೆ. ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಅವನಿಗೂ ಮೊಣಕಾಲು ನೋವು. ಥೈರಾ ಹಸಿರು ಕುರ್ಚಿಯಿಂದ ಎದ್ದು, "ಕೂತ್ಕೋ" ಎಂದಳು. ಅವನು ಕೂತ. ಕೂತವನು ನಿದ್ದೆ ಹೋದ.

ಆಮೇಲೆ ಅದೇ ಪದ್ಧತಿಯಾಯಿತು. ಊಟವಾದ ಮೇಲೆ ಬರುವುದು, ಹಸಿರು ಕುರ್ಚಿಯಲ್ಲಿ ಕಾಲು ಚಾಚುವುದು, ಸಂಜೆಯ ಕಾಫಿಯವರೆಗೆ ಗೊರಕೆ. ಅವಳು ಹಾಸಿಗೆಯ ಅಂಚಿನಲ್ಲಿ, ಬೆನ್ನಿಗೆ ಆನಿಕೆಯಿಲ್ಲದೆ. ಒಂದು ದಿನ ನನ್ನ ಕಣ್ಣಿಗೇ ಬಿತ್ತು. "ಏಳೋ ಮೇಲೆ!" ಎಂದು ಅವನ ಭುಜ ಅಲ್ಲಾಡಿಸಿದೆ. "ನಾಚಿಕೆ ಆಗಲ್ವಾ ನಿಂಗೆ?"

"ಬಿಡು ಬೋದಿಲ್, ಪಾಪ, ಮೊಣಕಾಲು" ಎಂದಳು ಥೈರಾ.

"ಅವನ ಮೊಣಕಾಲು! ನಿನ್ನ ಸೊಂಟ ಯಾರ ಮನೇದು?"

"ಅವನು ನನ್ನ ಮನೆಗೆ ಬಂದಿರೋ ನೆಂಟ ಅಲ್ವಾ" ಎಂದಳು. ಅದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು ಅವಳಿಗೆ, ಅದಕ್ಕೇ ನನಗೆ ಹೆಚ್ಚು ಸಂಕಟವಾದದ್ದು.

ಮರುದಿನ ನಾನು ಮನೆಯಿಂದ ಒಂದು ಮಡಿಸುವ ಕುರ್ಚಿ ಹೊತ್ತು ಹೋದೆ, ಅವನಿಗೆಂದು. ಹೂವಿನ ಚಿತ್ರದ ಬಟ್ಟೆಯದು, ತೋಟದಲ್ಲಿ ಹಾಕಿಕೊಳ್ಳುತ್ತಿದ್ದೆವು. ಆಮೇಲೆ ನೋಡಿದರೆ ಅದು ಹೊರಗೆ ಕಾರಿಡಾರಿನಲ್ಲಿತ್ತು. ಅದನ್ನು ನೋಡಿದರೆ ತಲೆನೋವು ಬರುತ್ತದೆಂದು ದಾದಿಯ ಕೈಯಲ್ಲಿ ಹೊರಗಿಡಿಸಿದ್ದ. ಹಸಿರು ಕುರ್ಚಿಯಲ್ಲಿ ಕೂತುಕೊಂಡೇ!

ಚಳಿಗಾಲ ಕಳೆಯುವ ಹೊತ್ತಿಗೆ ಥೈರಾಳ ಎದೆಯಲ್ಲಿ ಕಫ ಕಟ್ಟಿತು, ವಾರದೊಳಗೆ ಹೋಗಿಬಿಟ್ಟಳು. ನಮ್ಮ ಕಡೆಯ ರೂಢಿಯಂತೆ ದಾದಿ ಕಿಟಕಿ ತೆರೆದಿಟ್ಟಳು, ಜೀವ ಹೊರಗೆ ಹೋಗಲಿ ಎಂದು. ನಾನು ನಾಯಿಗಳ ಮುಖವನ್ನು ಸಮುದ್ರದ ಕಡೆಗೆ ತಿರುಗಿಸಿದೆ. ಕೋಣೆಯನ್ನು ಬೇಗ ಖಾಲಿ ಮಾಡಿಕೊಡಬೇಕಿತ್ತು. ನಾಯಿ, ಶಾಲು ನಾನು ತಂದೆ. ಕುರ್ಚಿಗೆ ಹೋಗುವಷ್ಟರಲ್ಲಿ ಐಗಿಲ್ ಆಳುಗಳನ್ನು ಕರೆಸಿ ಸಾಗಿಸಿಬಿಟ್ಟಿದ್ದ.

ಕಳೆದ ವಾರ ಒಂದು ಪತ್ರಿಕೆ ಬಂತು, ಮನೆಗಳ ಚಿತ್ರ ಹಾಕುವಂಥದು. ಎರಡು ಪುಟದ ತುಂಬ ನನ್ನ ತಮ್ಮನ ಬಿಳಿ ಹಾಲ್, ನಟ್ಟನಡುವೆ ಥೈರಾಳ ಹಸಿರು ಕುರ್ಚಿ, ಜಾಲರಿ ಸಮೇತ. ಕೆಳಗೆ ಬರೆದಿದ್ದರು: ಬರಿದಾದ ಮನೆಯಲ್ಲಿ ಒಂದೇ ಒಂದು ಹಸಿರು ಇಡುವ ಧೈರ್ಯ ಈ ಹಿರಿಯರದು.

ಪತ್ರಿಕೆ ಹಿಡಿದು ಚಪ್ಪಲಿಯಲ್ಲೇ ಆಚೆ ಮನೆಗೆ ನಡೆದೆ. ಅವನು ಆ ಕುರ್ಚಿಯಲ್ಲೇ ಕೂತಿದ್ದ, ಎರಡೂ ಕೈ ಚಾಚಿ. ಮದುವೆಯ ತಗ್ಗು ಕುರ್ಚಿ ಎಲ್ಲಿಯೂ ಕಾಣಲಿಲ್ಲ. ಮ್ಯೂಸಿಯಮ್ಮಿನವರು ಒಯ್ದರಂತೆ.

"ಏನೋ ಇದು?" ಎಂದೆ.

"ಚೆನ್ನಾಗಿದೆ ಅಲ್ವಕ್ಕ? ಎಷ್ಟು ಪ್ರಾಮಾಣಿಕವಾಗಿದೆ ಈ ಕುರ್ಚಿ. ಥೈರಾ ಒಂದು ಮಾತು ಹೇಳಿದ್ದಿದ್ರೆ ಯಾವತ್ತೋ ಒಳಗೆ ತರ್ತಿದ್ದೆ. ಪಾಪ, ಅವಳು ಯಾವತ್ತೂ ಏನೂ ಕೇಳ್ಲೇ ಇಲ್ಲ."

ಪತ್ರಿಕೆಯನ್ನು ಅವನ ಮುಂದೆ ಬಿಸಾಕಿದೆ. "ಕೇಳಿದ್ಲು ಕಣೋ ಪಾಪಿ. ಅಂಗಳದಲ್ಲಿ, ಮಳೇಲಿ ನಿಂತ್ಕೊಂಡು ಕೇಳಿದ್ಲು. ಬಾಗಿಲ ಹಿಂದೆ ಒಂದು ಮೂಲೆ ಕೊಡು ಅಂದ್ಲು. ನಾನೇ ಸಾಕ್ಷಿ."

ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಅವನ ಮುಖದಲ್ಲಿ ಸುಳ್ಳಿರಲಿಲ್ಲ.

"ಹೌದಾ?" ಎಂದ. "ನಾನೇನಂದೆ?"

"ಮೂಲೆ ಅನ್ನೋದೂ ಕೋಣೇದೇ ಭಾಗ ಅಂದೆ."

ಐಗಿಲ್ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತಲೆಯಾಡಿಸಿದ.

"ಸರಿಯಾಗೇ ಹೇಳಿದ್ದೀನಲ್ಲ" ಎಂದು, ಕುರ್ಚಿಯ ಆನಿಕೆಗೆ ತಲೆಯೊರಗಿಸಿದ.