ಶ್ ಮಿಸ್ಸಿನ ಗಾಲಿ ಕಪಾಟುಗಳು

ಮಕ್ಕಳು ಅವಳಿಗೆ ಇಟ್ಟ ಹೆಸರು ಶ್ ಮಿಸ್. ಪ್ರಾಥಮಿಕ ಶಾಲೆಯ ಲೈಬ್ರರಿಯಲ್ಲಿ ಕೂತು, ಬೆಳಗಿನಿಂದ ಸಂಜೆಯವರೆಗೆ ತುಟಿಗೆ ಬೆರಳಿಟ್ಟು ಶ್ ಅನ್ನುವುದೇ ಅವಳ ಕಸುಬು ಎಂದು ಅವರು ತಿಳಿದಿದ್ದರು. ಅವರದೇನೂ ತಪ್ಪಲ್ಲ. ಕೆಲಸಕ್ಕೆ ಸೇರಿದ ದಿನ ಅವಳಿಗೆ ಹೇಳಿಕೊಟ್ಟದ್ದೂ ಅಷ್ಟೇ: ಪುಸ್ತಕ ಕಳೆಯಬಾರದು, ಹರಿಯಬಾರದು, ಕೋಣೆಯಲ್ಲಿ ಸದ್ದಾಗಬಾರದು.

ಕೋಣೆ ಕಾರಿಡಾರಿನ ತುದಿಯಲ್ಲಿ, ಮಹಡಿ ಮೆಟ್ಟಿಲಿನ ಪಕ್ಕದಲ್ಲಿತ್ತು. ಸುತ್ತಲೂ ಆಳೆತ್ತರದ ಕಬ್ಬಿಣದ ಬೀರುಗಳು, ಅವಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ನಡುವೆ ಯಾವುದೋ ಕಚೇರಿಯಿಂದ ಬಂದ ಉದ್ದನೆಯ ಮೇಜು. ಎರಡನೇ ಕ್ಲಾಸಿನ ಮಗು ಕುರ್ಚಿ ಹತ್ತಿ ಕೂತರೆ ಗದ್ದ ಮೇಜಿಗೆ ತಾಗುತ್ತಿತ್ತು, ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು. ಬೆಳಕು ಬೀಳುವ ಒಂದೇ ಒಂದು ಕಿಟಕಿಯ ಬಳಿ ಅಂಟಿನಜ್ಜ ಕೂರುತ್ತಿದ್ದ. ಹರಿದ ಪುಸ್ತಕಕ್ಕೆ ಬೈಂಡು ಹಾಕುವುದು ಅವನ ಕೆಲಸ. ಒಂದು ತಟ್ಟೆ ಅಂಟು, ಒಂದಷ್ಟು ಬಟ್ಟೆಯ ಪಟ್ಟಿ, ಒಂದು ದಬ್ಬಣ, ಮೂಗಿನ ತುದಿಗೆ ಜಾರಿದ ಕನ್ನಡಕ, ಇಷ್ಟೇ ಅವನ ಸಂಸಾರ. ಮಾತು ಕಡಿಮೆ. ದಿನಕ್ಕೆರಡು ಸಲ ಚಹಾ ಬಂದಾಗ ಮಾತ್ರ, "ಕುಡೀರಿ ಮಿಸ್, ಆರಿಹೋಗುತ್ತೆ" ಅನ್ನುತ್ತಿದ್ದ.

ವರ್ಷಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಮೇಜಿನ ಕೆಳಗಿನಿಂದ ಪಿಸುಪಿಸು ಸದ್ದು ಕೇಳಿ ಶ್ ಮಿಸ್ ಬಗ್ಗಿ ನೋಡಿದಳು. ಇಬ್ಬರು ಹುಡುಗಿಯರು ಅಲ್ಲಿ ಅಂಗಾತ ಮಲಗಿಕೊಂಡು ಒಂದೇ ಪುಸ್ತಕವನ್ನು ಎತ್ತಿ ಹಿಡಿದಿದ್ದರು. ಒಬ್ಬಳು ಓದುತ್ತಿದ್ದಳು, ಇನ್ನೊಬ್ಬಳು ಪುಟ ಮಗುಚುತ್ತಿದ್ದಳು. ಕ್ಲಾಸಿನಲ್ಲಿ ಓದು ಅಂದರೆ ಅಳು ಬಂದುಬಿಡುವ ಹುಡುಗಿ, ಇಲ್ಲಿ ಕಥೆಯ ಕತ್ತೆಗೆ ಒಂದು ದನಿ, ಅಗಸನಿಗೆ ಒಂದು ದನಿ ಮಾಡಿ ಓದುತ್ತಿದ್ದಳು. ಶ್ ಮಿಸ್‌ನ ಬೆರಳು ತುಟಿಗೆ ಹೋಯಿತು, ಸದ್ದು ಮಾತ್ರ ಹೊರಡಲಿಲ್ಲ. ಸುಮ್ಮನೆ ಎದ್ದು ಬಂದು ಕೂತಳು.

ಆವತ್ತಿನಿಂದ ಅವಳ ತಲೆಗೆ ಹುಳ ಹೊಕ್ಕಿತು. ಈ ಮೇಜು ಯಾಕಿರಬೇಕು? ಬೀಗ ಯಾರಿಗೋಸ್ಕರ? ಮಕ್ಕಳಿಗೆ ಎಟುಕುವಷ್ಟು ಕುಳ್ಳಗೆ ಕಪಾಟು ಮಾಡಿ, ಅದಕ್ಕೆ ಗಾಲಿ ಹಾಕಿದರೆ ಬೇಕಾದ ಕಡೆ ತಳ್ಳಿಕೊಳ್ಳಬಹುದಲ್ಲ? ಹತ್ತು ಮಕ್ಕಳು ಸೇರಿ ಓದಲು ಒಂದು ಜಾಗ, ಒಂದೇ ಮಗು ಮುದುಡಿಕೊಂಡು ಕೂರಲು ಇನ್ನೊಂದು ಜಾಗ. ಮಾತಾಡಬೇಕು ಅನ್ನಿಸಿದವರು ಮಾತಾಡಲಿ. ಹೆಡ್‌ಮಿಸ್ ಎದುರು ಸಿಕ್ಕಾಗಲೆಲ್ಲ ಅವಳು ಇದನ್ನೇ ತೆಗೆಯುತ್ತಿದ್ದಳು. ಹೆಡ್‌ಮಿಸ್ ಒಳ್ಳೆಯವರೇ, "ನೋಡೋಣ ಮಿಸ್, ನೋಡೋಣ" ಎಂದು ನಡಿಗೆ ಚುರುಕು ಮಾಡುತ್ತಿದ್ದರು.

ಬಾಯಿಮಾತು ಸಾಲದೆಂದು ಮನೆಯಲ್ಲಿ ಊಟದ ಮೇಜಿನ ಮೇಲೆ ರಟ್ಟಿನಲ್ಲಿ ಒಂದು ಮಾದರಿ ಕಟ್ಟಲು ಕೂತಳು. ಚಪ್ಪಲಿ ಡಬ್ಬ ಕೋಣೆಯಾಯಿತು, ಬೆಂಕಿಪೆಟ್ಟಿಗೆಗಳು ಕಪಾಟಾದವು. ಅತ್ತೆ ಮೂಗು ಮುರಿದರು. "ಗೊಂಬೆ ಆಡೋ ವಯಸ್ಸೇನೆ ಇದು? ತಟ್ಟೆ ಎಲ್ಲಿ ಇಡೋದು?"

ಗಂಡ ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ ಬಂದವನು ಸ್ವಲ್ಪ ಹೊತ್ತು ನಿಂತು ನೋಡಿದ. "ಗಾಲಿ ಬಟನ್ನಿಂದ ಮಾಡ್ಬೇಡ, ಉರುಳಲ್ಲ. ಮಣಿ ಪೋಣಿಸು" ಎಂದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ.

ಅಷ್ಟರಲ್ಲಿ ಆಡಳಿತ ಮಂಡಳಿಗೇ ಹುಕಿ ಬಂತು. ಬೇರೆ ಶಾಲೆಗಳಲ್ಲಿ ಹೊಸ ಕಾಲದ ಲೈಬ್ರರಿಗಳಾಗಿವೆ, ನಮ್ಮಲ್ಲೂ ಆಗಬೇಕು ಎಂದು ಒಬ್ಬಳು ಡಿಸೈನರನ್ನು ಕರೆಸಿದರು. ಚಿಕ್ಕ ವಯಸ್ಸಿನ, ಚುರುಕು ಕಣ್ಣಿನ ಹುಡುಗಿ. ಶ್ ಮಿಸ್ ಹೆದರುತ್ತಲೇ ರಟ್ಟಿನ ಡಬ್ಬ ತೋರಿಸಿದಳು. ಹುಡುಗಿ ನೆಲದ ಮೇಲೇ ಕೂತು, ಬೆಂಕಿಪೆಟ್ಟಿಗೆಗಳನ್ನು ಬೆರಳಲ್ಲಿ ಅತ್ತಿತ್ತ ಉರುಳಿಸಿ, "ಮಿಸ್, ನಾನು ಹೇಳ್ಬೇಕಾದ್ದೆಲ್ಲ ನೀವೇ ಮಾಡಿಟ್ಟಿದ್ದೀರಲ್ಲ" ಅಂದಳು. ಆ ಒಂದು ಮಾತಿಗೆ ಶ್ ಮಿಸ್ ಅವತ್ತು ಬಸ್ ಹತ್ತದೆ ಮನೆಯವರೆಗೂ ನಡೆದುಕೊಂಡೇ ಬಂದಳು.

ಮಂಡಳಿಯ ಸಭೆಗೆ ಅವಳನ್ನೂ ಕರೆದರು. ಅಧ್ಯಕ್ಷರು ನಕ್ಷೆಯನ್ನು ನೋಡಿ ಹುಬ್ಬೇರಿಸಿದರು. "ಇಷ್ಟೆಲ್ಲ ತೆರೆದಿಟ್ಟರೆ ಕಾಯೋರು ಯಾರು?"

ಡಿಸೈನರ್ ಹುಡುಗಿ ತಡವರಿಸಿದಳು. ಶ್ ಮಿಸ್ ಎದ್ದು ನಿಂತಳು. "ಕಾಯೋರು ಬೇಕಾಗಿಲ್ಲ ಸರ್. ಕೋಣೆ ಸರಿಯಾಗಿದ್ರೆ ಮಕ್ಕಳೇ ತಗೋತಾರೆ, ಮಕ್ಕಳೇ ವಾಪಸ್ ಇಡ್ತಾರೆ. ಇಷ್ಟು ವರ್ಷ ಕಾದು ಕಾದು ನಾನು ಕಂಡದ್ದು ಇದೇ. ಕಾಯೋದ್ರಿಂದ ಯಾರೂ ಓದೋಕೆ ಕಲಿಯಲ್ಲ."

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಅವಳ ಮೈ ಬೆಚ್ಚಗಾಯಿತು.

ಆಮೇಲೆ ಕಿಟಕಿಯ ಮಾತು ಬಂತು. ಒಂಟಿ ಮಗು ಕೂರುವ ಜಾಗ ಬೆಳಕಿರುವಲ್ಲೇ ಆಗಬೇಕು, ಅಲ್ಲಿ ಅಂಟಿನಜ್ಜ ಇದ್ದಾನೆ. "ಅವನನ್ನ ಏನ್ಮಾಡೋದು?" ಎಂದು ಅಧ್ಯಕ್ಷರು ಕೇಳಿದರು. ಎಲ್ಲರೂ ಶ್ ಮಿಸ್ ಕಡೆ ತಿರುಗಿದರು. ಬೇರೆ ಎಲ್ಲಾದರೂ ಒಂದು ಮೇಜು ಹಾಕಿಕೊಡಿ ಎನ್ನುವ ಮಾತು ಅವಳ ಗಂಟಲವರೆಗೆ ಬಂದಿತ್ತು. ಎಲ್ಲ ಕೂಡಿಬರುತ್ತಿರುವಾಗ ತಾನೇ ಕಲ್ಲು ಹಾಕಿದ ಹಾಗಾಗುತ್ತದೇನೋ ಎಂದು ಅಳುಕಿದಳು. "ಬೈಂಡಿಂಗ್ ಹೊರಗಡೆ ಕೊಟ್ಟೂ ಮಾಡಿಸಬಹುದು" ಎಂದಳು. ಆ ತಿಂಗಳ ಕೊನೆಗೆ ಅಜ್ಜ ದಬ್ಬಣ, ಕತ್ತರಿ ಎಲ್ಲ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಮಿಸ್" ಎಂದು ಹೊರಟುಹೋದ. ಅವಳು ಹೊಸ ಬಣ್ಣದ ಮಾದರಿ ಕಾಗದಗಳನ್ನು ಗೋಡೆಗೆ ಹಿಡಿದು ನೋಡುತ್ತಿದ್ದಳು. ಸರಿಯಾಗಿ ತಿರುಗಿಯೂ ನೋಡಲಿಲ್ಲ.

ರಜೆಯಲ್ಲಿ ಕೆಲಸ ನಡೆಯಿತು. ಯಾರೂ ಕರೆಯದಿದ್ದರೂ ಅವಳು ದಿನಾ ಹೋದಳು. ಮರದ ಹೊಟ್ಟು ಗುಡಿಸಿದಳು, ಬಡಗಿಗೆ ಮಗುವಿನ ಎತ್ತರ ಗೊತ್ತಾಗಲೆಂದು ತಾನೇ ಮಂಡಿಯೂರಿ ತೋರಿಸಿದಳು, ಕಪಾಟು ತಳ್ಳಿ ತಳ್ಳಿ ನೋಡಿದಳು. ಶಾಲೆ ಶುರುವಾದ ದಿನ ರಿಬ್ಬನ್ನು ಕತ್ತರಿಸಿದ್ದೇ ತಡ, ಮಕ್ಕಳು ಒಳಗೆ ನುಗ್ಗಿದರು. ಕಾಲು ಗಾಳಿಯಲ್ಲಿ ತೂಗಾಡುವವರು ಯಾರೂ ಇರಲಿಲ್ಲ. ಎಲ್ಲರೂ ನೆಲದ ಮೇಲೆ, ಮೆತ್ತೆಯ ಮೇಲೆ, ಕಪಾಟಿನ ಸಂದಿಯಲ್ಲಿ. ಗಲಾಟೆಯೋ ಗಲಾಟೆ. ಹೆಡ್‌ಮಿಸ್ ತಮ್ಮ ಭಾಷಣದಲ್ಲಿ ಅವಳ ಹೆಸರನ್ನು ಎರಡೆರಡು ಸಲ ಹೇಳಿದರು. ಅವಳ ಕಣ್ಣು ತುಂಬಿಬಂತು.

ಆ ವಾರ ಮುಗಿಯುವ ಮುಂಚೆಯೇ ಹೆಡ್‌ಮಿಸ್ ಕರೆಸಿದರು. "ಕೂತ್ಕೊಳ್ಳಿ ಮಿಸ್" ಅಂದರು. ಅವರು ಹಾಗೆ ಕೂರಿಸುವುದು ಕೆಟ್ಟ ಸುದ್ದಿಗೆ ಮಾತ್ರ ಎಂದು ಶಾಲೆಗೆಲ್ಲ ಗೊತ್ತಿತ್ತು.

"ಲೈಬ್ರರಿಗೆ ಅಂತಲೇ ಬೇರೆ ಮಿಸ್ ಬೇಡ ಅಂತ ಮಂಡಳಿ ತೀರ್ಮಾನ ಮಾಡಿದೆ. ಇನ್ಮೇಲೆ ಕ್ಲಾಸ್ ಟೀಚರುಗಳೇ ಮಕ್ಕಳನ್ನ ಕರ್ಕೊಂಡು ಬರ್ತಾರೆ. ನಿಮಗೆ ಮುಂದಿನ ಆಫೀಸಿನಲ್ಲಿ ಜಾಗ ಮಾಡಿದೀವಿ. ಸಂಬಳದಲ್ಲಿ ವ್ಯತ್ಯಾಸ ಇಲ್ಲ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾಕೆ? ಏನ್ ತಪ್ಪಾಯ್ತು?"

"ತಪ್ಪೇನೂ ಇಲ್ಲ. ನೀವೇ ಹೇಳಿದ್ರಲ್ಲ, ಕಾಯೋರು ಬೇಕಾಗಿಲ್ಲ ಅಂತ. ಅವರಿಗೆ ಆ ಮಾತು ತುಂಬ ಹಿಡಿಸ್ತು."

"ನಾನು ಕಾಯೋ ವಿಷಯ ಹೇಳಿದ್ದು. ನನ್ನ ವಿಷಯ ಅಲ್ಲ."

ಹೆಡ್‌ಮಿಸ್ ಮೇಜಿನ ಮೇಲಿನ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ನನಗೆ ಗೊತ್ತು ಮಿಸ್. ಅವರಿಗೆ ಹೇಗೆ ಹೇಳ್ಲಿ? ಇಷ್ಟು ವರ್ಷ ನೀವು ಕಾಯೋದನ್ನೇ ತಾನೆ ಅವರು ನೋಡಿದ್ದು?"

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಅವನು ಬೂಟಿನ ಲೇಸು ಬಿಚ್ಚುತ್ತಲೇ ಕೇಳಿದ. "ಬಸ್ಸು ತನ್ನಷ್ಟಕ್ಕೆ ತಾನೇ ಓಡುತ್ತೆ ಅಂತ ನಾನು ಯಾವತ್ತಾದ್ರೂ ಡಿಪೋದಲ್ಲಿ ಹೇಳಿದ್ದೀನಾ?"

"ನಗಬೇಡಿ ರೀ."

"ನಗ್ತಿಲ್ಲ ಕಣೇ" ಎಂದ. ನಗುತ್ತಿರಲಿಲ್ಲ ಕೂಡ. ಅದೇ ಅವಳಿಗೆ ಹೆಚ್ಚು ಉರಿಯಿತು. ಎಷ್ಟೋ ದಿನ ಅವನಿಗೆ ಅನ್ನ ಬಡಿಸಿದಳೇ ಹೊರತು ಮಾತು ಬಡಿಸಲಿಲ್ಲ.

ಮುಂದಿನ ಆಫೀಸೆಂದರೆ ಗೇಟು ದಾಟಿದ ಕೂಡಲೇ ಸಿಗುವ, ನಡುವೆ ಚಿಕ್ಕ ಕಿಂಡಿಯಿದ್ದ ಗಾಜಿನ ಕೋಣೆ. ತಡವಾಗಿ ಬಂದ ಮಕ್ಕಳಿಗೆ ಚೀಟಿ ಕೊಡುವುದು, ಫೋನು ಎತ್ತುವುದು, ಅಪ್ಪ ಅಮ್ಮಂದಿರನ್ನು ಕೂರಿಸುವುದು ಅವಳ ಕೆಲಸ. ಅಲ್ಲಿಂದ ಕಾರಿಡಾರಿನ ತುದಿಯ ಲೈಬ್ರರಿ ಬಾಗಿಲು ಕಾಣುತ್ತಿತ್ತು. ಅವಳು ಮನಸ್ಸಿನಲ್ಲೇ ಕಾಯುತ್ತಿದ್ದಳು: ಇವತ್ತು ಯಾರಾದರೂ ಜಗಳವಾಡಿಯಾರು, ಪುಸ್ತಕಗಳೆಲ್ಲ ಕಲಸಿಹೋದಾವು, ಆಗ ತನ್ನನ್ನು ಕರೆದಾರು. ಯಾರೂ ಕರೆಯಲಿಲ್ಲ. ಕೋಣೆ ಚೆನ್ನಾಗಿಯೇ ನಡೆಯಿತು. ಅವಳು ಎಣಿಸಿದ್ದ ಹಾಗೆಯೇ ಮಕ್ಕಳು ತೆಗೆದುಕೊಂಡರು, ಮಕ್ಕಳೇ ಇಟ್ಟರು, ಕೆಲವು ಸಲ ತಲೆಕೆಳಗಾಗಿ ಇಟ್ಟರು, ಅಷ್ಟೇ. ತಾನು ಕಟ್ಟಿದ್ದು ಕೆಡಲಿ ಎಂದು ತಾನೇ ಬಯಸುತ್ತಿದ್ದೇನೆ ಎಂದು ಹೊಳೆದ ದಿನ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬಯಕೆ ಹೋಗಲಿಲ್ಲ.

ಕೆಟ್ಟದ್ದೆಂದರೆ ಒಂದೇ. ಹರಿದ ಪುಸ್ತಕಗಳನ್ನು ಹೊರಗೆ ಕೊಟ್ಟು ಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅವು ರಟ್ಟಿನ ಪೆಟ್ಟಿಗೆಯಲ್ಲಿ ಗೇಟಿನ ಪಕ್ಕಕ್ಕೆ, ರದ್ದಿಯವನಿಗೆಂದು ಬಂದವು. ಅವಳು ಅವನ್ನು ಚೀಲಕ್ಕೆ ತುಂಬಿಕೊಂಡು, ಕೇಳಿಕೇಳಿ ಅಂಟಿನಜ್ಜನನ್ನು ಹುಡುಕಿಕೊಂಡು ಹೋದಳು. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹೊರಗೆ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬಲ್ಬು ಹಚ್ಚಿಕೊಂಡು ಅವನು ಮದುವೆ ಕಾರ್ಡು ಮಡಚುತ್ತಿದ್ದ.

"ಇವಕ್ಕೆ ಬೈಂಡು ಹಾಕಿಕೊಡಬೇಕಲ್ಲ ಅಜ್ಜ" ಅಂದಳು.

ಅಜ್ಜ ಚೀಲದೊಳಗೆ ಇಣುಕಿದ. ಮೇಲಿನ ಪುಸ್ತಕದ ಬೆನ್ನಿಗೆ ಹಾಕಿದ್ದ ಬಟ್ಟೆಪಟ್ಟಿ ಅವನದೇ. ಕೈ ಹಾಕಲಿಲ್ಲ. "ಶಾಲೆದು ನಾನು ಮುಟ್ಟಲ್ಲ ಮಿಸ್."

"ನನ್ನನ್ನೂ ಅಲ್ಲಿಂದ ತೆಗೆದ್ರು."

"ಕೇಳಿದೆ."

ಅಜ್ಜ ಇನ್ನೊಂದು ಕಾರ್ಡು ಮಡಚಿ ಬದಿಗಿಟ್ಟ. ಒಳಗೆ ಮೆಷಿನ್ನು ಧಡಧಡ ಎನ್ನುತ್ತಿತ್ತು.

"ಅವತ್ತು ನೀವೊಂದು ಮಾತು ಆಡಬಹುದಿತ್ತು" ಎಂದ ಅಜ್ಜ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಡಿದ್ರೂ ಅವ್ರು ಕೇಳ್ತಿರಲಿಲ್ಲ ಅನ್ನಿ. ಆದ್ರೂ ಆಡಬಹುದಿತ್ತು."

"ಹೌದು" ಎಂದಳು. ಅವನು ಕೂತುಕೊಳ್ಳಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಚೀಲವನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು. ಅತ್ತೆ ಅದನ್ನು ಮಂಚದ ಕೆಳಗೆ ತಳ್ಳಿದರು.

ಲೈಬ್ರರಿಯ ಹೆಸರು ಸುತ್ತಮುತ್ತ ಹಬ್ಬಿತು. ಬೇರೆ ಶಾಲೆಯವರು ನೋಡಲು ಬರತೊಡಗಿದರು. ಬಂದವರಿಗೆ ವಿವರಿಸಲು ಹೆಡ್‌ಮಿಸ್ ಅವಳನ್ನೇ ಕರೆಯುತ್ತಿದ್ದರು. ಅವಳು ಚೀಟಿಯ ಪುಸ್ತಕ ಮುಚ್ಚಿಟ್ಟು ಹೋಗಿ, ಗಾಲಿ ಯಾಕೆ, ಎತ್ತರ ಯಾಕೆ ಇಷ್ಟೇ, ಎಲ್ಲ ಚೆನ್ನಾಗಿ ಹೇಳುತ್ತಿದ್ದಳು. ಹೇಳುವಾಗ ಹುಮ್ಮಸ್ಸು ತಾನಾಗಿ ಬಂದುಬಿಡುತ್ತಿತ್ತು. ಅದನ್ನು ತಡೆಯಲು ಅವಳಿಗೆ ಆಗುತ್ತಿರಲಿಲ್ಲ. ಹಾಗೆ ಬಂದ ಒಂದು ಗುಂಪು ಹೊರಟ ಮೇಲೂ ಒಬ್ಬಾಕೆ ಹಿಂದೆ ಉಳಿದಳು. ಅವಳೂ ಯಾವುದೋ ಶಾಲೆಯ ಲೈಬ್ರರಿ ಟೀಚರ್. ಕಪಾಟನ್ನು ಒಂದು ಕೈಯಲ್ಲಿ ತಳ್ಳಿ ನೋಡಿ, ಮಗುವಿನ ಹಾಗೆ ನಕ್ಕಳು.

"ಮೇಡಂ, ನಾನೂ ನಮ್ಮಲ್ಲಿ ಇದನ್ನೇ ಕೇಳ್ತಾ ಇದ್ದೀನಿ. ಯಾರೂ ಕಿವಿಗೇ ಹಾಕ್ಕೊಳ್ತಿಲ್ಲ. ಹೇಗೆ ಒಪ್ಪಿಸಿದ್ರಿ ಹೇಳಿ."

ಶ್ ಮಿಸ್ ಅವಳ ಮುಖವನ್ನೇ ನೋಡಿದಳು. "ಬಿಡಬೇಡಿ, ಕೇಳ್ತಾ ಇರಿ. ಒಪ್ತಾರೆ. ಆದ್ರೆ ನೀವಿಲ್ಲದೆ ಕೋಣೆ ನಡೆಯುತ್ತೆ ಅಂತ ಮಾತ್ರ ಎಲ್ಲೂ ಬಾಯಿ ಬಿಡಬೇಡಿ."

ಆಕೆಗೆ ಗೊಂದಲವಾಯಿತು. "ಯಾಕೆ, ನಡೆಯಲ್ವಾ?"

"ನಡೆಯುತ್ತೆ" ಎಂದಳು ಶ್ ಮಿಸ್. "ಚೆನ್ನಾಗಿ ನಡೆಯುತ್ತೆ."

ಆಕೆ ಅದನ್ನು ತಮಾಷೆಯೆಂದುಕೊಂಡು ನಕ್ಕು, ಕೈ ಕುಲುಕಿ ತನ್ನವರನ್ನು ಕೂಡಿಕೊಳ್ಳಲು ಓಡಿದಳು. ಮುಂದಿನ ಆಫೀಸಿನಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಶ್ ಮಿಸ್ ಹೋಗಿ ಎತ್ತಿದಳು. ನಿವೃತ್ತಿಯವರೆಗೂ ಅವಳು ಅಲ್ಲಿಯೇ ಕೂತಳು. ಆ ಹೊತ್ತಿಗೆ ಶಾಲೆಯಲ್ಲಿ ಅವಳನ್ನು ಶ್ ಮಿಸ್ ಎಂದು ಕರೆಯುವ ಮಕ್ಕಳು ಒಬ್ಬರೂ ಉಳಿದಿರಲಿಲ್ಲ. ಹೊಸಬರಿಗೆ ಅವಳು ಚೀಟಿ ಆಂಟಿ.