ಎಡೆಗೆ ಇಡುವ ಬೀರು

ಮೊನ್ನೆ ಚಿಕ್ಕಬಳ್ಳಾಪುರದ ಬೈಪಾಸಿನ ಹತ್ತಿರ ಹೊಸದಾಗಿ ತೆರೆದ ದೊಡ್ಡ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲಿನ ಫ್ರಿಜ್ಜುಗಳ ಸಾಲು, ಒಳಗೆ ಬಗೆಬಗೆಯ ಬೀರು. ಗೋಧಿಯದಂತೆ, ಕಿತ್ತಳೆ ಸಿಪ್ಪೆ ಹಾಕಿದ್ದಂತೆ, ಕಾಫಿ ಬೀಜದ್ದಂತೆ. ನನ್ನಂಥ ಸೀರೆ ಉಟ್ಟ ಹೆಂಗಸೊಬ್ಬಳು ಕನ್ನಡಕ ಏರಿಸಿಕೊಂಡು ಒಂದೊಂದೇ ಲೇಬಲ್ ಓದುತ್ತಿರುವುದನ್ನು ಕಂಡು ಅಂಗಡಿಯವರು ಬಂದರು.

"ಯಾರಿಗೆ ಮೇಡಂ?"

"ನಮ್ಮಪ್ಪನಿಗೆ."

"ವಯಸ್ಸಾದೋರಿಗಾದ್ರೆ ಇದು ತಗೊಳ್ಳಿ, ಲೈಟಾಗಿರುತ್ತೆ."

"ಅವರು ತೀರಿಕೊಂಡು ತುಂಬಾ ವರ್ಷ ಆಯ್ತಪ್ಪ."

ಪಾಪ, ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಒಳಗಿಟ್ಟುಬಿಟ್ಟರು.

ನೀವು ಗಾಬರಿಯಾಗಬೇಡಿ. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಫೋಟೋದ ಮುಂದೆ ಬಾಳೆಲೆ ಹಾಸಿ, ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದಕ್ಕೆಳೆದು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ, ಅವರು ಬಂದು ಉಂಡು ಹೋಗಲಿ ಅಂತ. ಮಟನ್ನು, ವಡೆ, ಬೀಡಿ, ಕುಡಿಯುವವರಾಗಿದ್ದರೆ ಅದೂ. ಇಷ್ಟವಿಲ್ಲದ್ದನ್ನು ಇಟ್ಟರೆ ಮುಟ್ಟದೆ ಹಸಿದು ಹೋಗುತ್ತಾರಂತೆ. ನಾನು ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಒಂದೇ ಒಂದು ವರ್ಷ ಬಿಟ್ಟರೆ ಅಪ್ಪನ ಬೀರನ್ನು ತಪ್ಪಿಸಿದವಳಲ್ಲ.

ಎರಡು ಸಾವಿರನೇ ಇಸವಿಯ ಆಚೀಚೆ ನಾವು ಶಿಡ್ಲಘಟ್ಟದಲ್ಲಿದ್ದಾಗ ಅದು ಸಿಗುತ್ತಿದ್ದದ್ದು ನಮ್ಮ ಬೀದಿಯ ಮುನಿರಾಜಣ್ಣನ ಅಂಗಡಿಯಲ್ಲಿ. ಎಡಗಡೆ ಅಕ್ಕಿ, ಬೇಳೆ, ಬನ್ನು, ಸೋಪು. ಬಲಗಡೆ ಲೈಸೆನ್ಸಿನ ಬ್ರಾಂದಿ ಅಂಗಡಿ. ನಡುವಿನ ಗೋಡೆಗೊಂದು ಕಿಟಕಿ. ಗಂಡಸರು ಬಲಗಡೆಯಿಂದ ಹೋಗುತ್ತಿದ್ದರು. ಅಮಾವಾಸ್ಯೆ ಹತ್ತಿರ ಬಂದಾಗ ನನ್ನಂಥ ಹೆಂಗಸರು ಬೇಳೆ ಕೊಳ್ಳುವವರ ಹಾಗೆ ಎಡಗಡೆ ನಿಂತು ಆ ಕಿಟಕಿ ಕಡೆ ನೋಡುತ್ತಿದ್ದೆವು. ಬಾಟಲಿಗೆ ಪೇಪರ್ ಸುತ್ತಿ, ಚೀಲದ ತಳಕ್ಕಿಟ್ಟು, ಮೇಲೆ ಒಂದು ಕಟ್ಟು ಕೊತ್ತಂಬರಿ ಹಾಕಿ ಕೊಡುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಆದರೂ ನಾನು ಬೀದಿಯುದ್ದಕ್ಕೂ ಗಂಭೀರವಾಗಿ ಕೊತ್ತಂಬರಿಯನ್ನೇ ಹೊತ್ತು ನಡೆಯುತ್ತಿದ್ದೆ.

ಅಂಥ ಸಣ್ಣ ಅಂಗಡಿಯಲ್ಲಿ ಅಷ್ಟೊಂದು ಥರದ ಬೀರು ಯಾಕಿತ್ತು ಅಂತೀರಾ? ನವಿಲಿನ ಚಿತ್ರದ್ದು, ಹಡಗಿನದು, ಎರಡು ಕತ್ತಿಯದು, ಯಾವುದೋ ಸಣ್ಣ ಕಂಪನಿ ಒಂದೆರಡು ವರ್ಷ ಮಾಡಿ ಕೈಬಿಟ್ಟದ್ದು. ಬದುಕಿದ್ದವರು ಅವನ್ನು ಮೂಸಿಯೂ ನೋಡುತ್ತಿರಲಿಲ್ಲ. ಅವೆಲ್ಲ ಹೋದವರ ಪಾಲು. ರೇಷ್ಮೆ ನೂಲು ತೆಗೆಯುತ್ತಿದ್ದ ರೀಲರ್ ಗೋವಿಂದಪ್ಪನಿಗೆ ನವಿಲು, ನಮ್ಮಪ್ಪನಿಗೆ ಹಡಗು, ಹೀಗೆ ಯಾವ ಮನೆಯ ಫೋಟೋಗೆ ಯಾವ ಬಾಟಲಿ ಅಂತ ಮುನಿರಾಜಣ್ಣನಿಗೆ ಬಾಯಿಪಾಠ. ಚಿಂತಾಮಣಿ, ಗೌರಿಬಿದನೂರು ಅಂತ ಅಲೆದು, ಅಲ್ಲಿನ ಅಂಗಡಿಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದದ್ದನ್ನು ಹುಡುಕಿ ತರುತ್ತಿದ್ದ. ಒಂದು ಸಲ ನಾನು ಲೇಬಲ್ ನೋಡಿ, "ಅಣ್ಣಾ, ಇದರ ಡೇಟ್ ಮುಗಿದಿದೆಯಲ್ಲ" ಅಂದೆ.

"ಏಮಮ್ಮಾ, ನಿಮ್ಮಪ್ಪಂದೂ ಮುಗಿದೈತಲ್ಲ. ಇಬ್ರಿಗೂ ಸರಿಹೋಯ್ತದೆ ಬಿಡು" ಅಂದ.

ಕೋಪ ಬರಬೇಕಿತ್ತು, ನಗು ಬಂತು. ಅಪ್ಪ ಹೋದ ಮೇಲೆ ಅವರ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು.

ಹೀಗಿದ್ದ ಮುನಿರಾಜಣ್ಣನ ಒಬ್ಬನೇ ಮಗ ಶ್ರೀಧರ ಹೋಗಿಬಿಟ್ಟ. ಗೌರಿಬಿದನೂರಿನ ಮಿಲ್ಲೊಂದರಲ್ಲಿ ಕೆಲಸದಲ್ಲಿದ್ದ, ಮದುವೆಗೆ ಹೆಣ್ಣು ನೋಡುತ್ತಿದ್ದರು. ಒಂದು ಭಾನುವಾರ ಚಿಂತಾಮಣಿ ರಸ್ತೆಯಲ್ಲಿ ಟೊಮ್ಯಾಟೊ ಲಾರಿ ಅವನ ಬೈಕಿಗೆ ಗುದ್ದಿತು. ಆ ಸಾವಿನ ಬಗ್ಗೆ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ. ಮುನಿರಾಜಣ್ಣ ಅಂಗಡಿ ತೆರೆಯುತ್ತಿದ್ದ, ಕೇಳಿದ್ದು ಕೊಡುತ್ತಿದ್ದ, ಅಷ್ಟೆ. ತಮಾಷೆ ಮಾತು ನಿಂತುಹೋಯಿತು.

ವರ್ಷ ತುಂಬಿ ಅಮಾವಾಸ್ಯೆ ಬಂತು. ಮಗನಿಗೆ ಮೊದಲ ಎಡೆ. ಊರಿನ ಹೋದವರದೆಲ್ಲ ಗೊತ್ತಿದ್ದ ಮನುಷ್ಯನಿಗೆ ಮಗ ಏನು ಕುಡಿಯುತ್ತಿದ್ದ ಅನ್ನುವುದು ಗೊತ್ತಿರಲಿಲ್ಲ. ಅಪ್ಪನ ಎದುರಿಗೆ ಯಾವ ಮಗ ಕುಡಿಯುತ್ತಾನೆ ಹೇಳಿ? ಎದುರಿಗೆ ಕುಡಿಯದಿದ್ದರೂ ಎಲ್ಲೋ ಕುಡಿದೇ ಇರುತ್ತಾನೆ ಅಂತ ಇವನ ಲೆಕ್ಕ. ಅವನ ಸ್ನೇಹಿತರನ್ನು ಒಬ್ಬೊಬ್ಬರನ್ನೇ ಹುಡುಕಿ ಕೇಳಿದ. ನನ್ನನ್ನೂ ಕೇಳಿದ.

"ನೀನ್ ಸ್ಕೂಲಿಗೆ ಹೋಗೋವಾಗ ನಿನ್ ಜೊತೆ ಬಸ್ಸಲ್ಲಿ ಓಡಾಡ್ತಿದ್ದ ಅಲ್ವಾಮ್ಮ. ಯಾವತ್ತಾದ್ರೂ ಬಾಯಿಬಿಟ್ಟಿದ್ನಾ? ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಗೊತ್ತಾಗ್ದೆ ಏನೋ ಒಂದು ಇಟ್ಟು, ಮಗ ಹಸ್ಕೊಂಡು ಹೋದ್ರೆ ನಾನೇನ್ ಮಾಡ್ಲಿ?"

ನನಗೆ ಗೊತ್ತಿಲ್ಲ ಅಂದೆ. ಸ್ನೇಹಿತರಿಗೆ ಹಾಗೆ ಅನ್ನಲು ಬಾಯಿ ಬರಲಿಲ್ಲ. ಆ ಮುಖ ನೋಡಲಾರದೆ ಒಬ್ಬ ನವಿಲು ಅಂದ, ಒಬ್ಬ ಕತ್ತಿ ಅಂದ, ಇನ್ನೊಬ್ಬ ತಾನು ಕುಡಿಯುವುದನ್ನೇ ಹೇಳಿದ.

ಅಮಾವಾಸ್ಯೆಯ ದಿನ ಅಪ್ಪನ ಬಾಟಲಿಗೆ ಹೋದರೆ ಅಂಗಡಿ ಮುಚ್ಚಿತ್ತು. ಹಿಂದುಗಡೆಯ ಮನೆಯ ಬಾಗಿಲು ಮುಂದಕ್ಕೆಳೆದು ಗಂಡಹೆಂಡತಿ ಜಗಲಿಯ ಮೇಲೆ ನಿಂತಿದ್ದರು. ನಾನೂ ನಿಂತೆ. ಆಮೇಲೆ ಮುನಿರಾಜಣ್ಣ ಕೆಮ್ಮಿ, ಬಾಗಿಲು ತಟ್ಟಿ, ತೆರೆದ. ಮಗನ ಫೋಟೋದ ಮುಂದೆ ಗೋಡೆಯುದ್ದಕ್ಕೂ ಮುಚ್ಚಳ ತೆಗೆದ ಬಾಟಲಿಗಳು, ಅಂಗಡಿಯಲ್ಲಿದ್ದ ಥರಗಳಲ್ಲಿ ಒಂದೊಂದು. ಅವನು ಕುಕ್ಕರುಗಾಲಲ್ಲಿ ಕೂತು, ಯಾವುದರಲ್ಲಾದರೂ ಇಳಿದಿದೆಯೇನೋ ಅಂತ ಪ್ರತಿಯೊಂದರ ಮಟ್ಟವನ್ನೂ ನೋಡಿದ. ಕೊನೆಗೆ ಎಲೆಯ ಪಕ್ಕದ ಸ್ಟೀಲ್ ಬಟ್ಟಲು ಕಣ್ಣಿಗೆ ಬಿತ್ತು. ಹಾಲಿನಲ್ಲಿ ನೆನೆಸಿ ಕಿವುಚಿದ ಬನ್ನು.

"ಇದೇನೇ ಇದು?"

"ಅವನಿಗಿಷ್ಟ" ಎಂದಳು ಹೆಂಡತಿ ಪದ್ಮಕ್ಕ. "ಕೆಲಸಕ್ಕೆ ಸೇರಿದ್ಮೇಲೂ ಬಂದ್ ತಕ್ಷಣ ಅದೇ ಕೇಳ್ತಿದ್ದ. ಬೀರಿನ ವಾಸ್ನೆ ಕಂಡ್ರೆ ಆಗ್ತಿರಲಿಲ್ಲ ಅವನಿಗೆ. ನಿಮ್ಮ ಅಂಗಿ ಪಕ್ಕ ಅವನಂಗಿ ಒಣಗಾಕಿದ್ರೂ ಬೈತಿದ್ದ."

"ಮೊದ್ಲೇ ಹೇಳೋಕ್ ಏನಾಗಿತ್ತು ನಿಂಗೆ?"

"ಊರೆಲ್ಲಾ ಕೇಳ್ಕೊಂಡ್ ಬಂದ್ರಿ. ನನ್ನ ಕೇಳಿದ್ರಾ?"

ಮುನಿರಾಜಣ್ಣ ಗೋಡೆಗೆ ಒರಗಿ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡ. ನಾನು ಬಾಟಲಿ ಕೇಳದೆ ಮನೆಗೆ ಬಂದೆ. ಮುಂದಿನ ವರ್ಷದ ಹೊತ್ತಿಗೆ ಬಲಗಡೆಯ ಬಾಗಿಲು ಮುಚ್ಚಿ, ಅಕ್ಕಿ ಬೇಳೆ ಮಾತ್ರ ಉಳಿಯಿತು. ಹೋದವರೆಲ್ಲ ಸಿಕ್ಕಿದ್ದಕ್ಕೆ ಹೊಂದಿಕೊಂಡರು.

ಚಿಕ್ಕಬಳ್ಳಾಪುರದ ಅಂಗಡಿಯಿಂದಲೂ ನಾನು ಏನೂ ಕೊಳ್ಳದೆ ಬಂದೆ. ಮನೆಯಲ್ಲಿ ಅಮ್ಮ ಮೊರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅಮ್ಮಾ, ನಿಂಗೇನಿಷ್ಟ?"

"ಏನು ಇಷ್ಟ?"

"ತಿನ್ನೋಕೆ, ಕುಡಿಯೋಕೆ, ಏನಾದ್ರೂ."

"ಯಾಕೆ, ನನ್ನ ಎಡೆಗೆ ಈಗ್ಲಿಂದ್ಲೇ ಸಾಮಾನು ಹೊಂದಿಸ್ತಿದೀಯೇನೇ?" ಎಂದು ನಕ್ಕಳು. ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು.

"ನಿಮ್ಮಪ್ಪಂಗೆ ಖಾರ ಮುಂದಾಗಿರಬೇಕಿತ್ತು. ನಿಂಗೆ ಹುರುಳಿ ಸಾರು ಆಗ್ತಿರಲಿಲ್ಲ. ನಿಮ್ಮಜ್ಜಿಗೆ ಎಲ್ಲಾ ಮೆತ್ತಗಿರಬೇಕು..."

"ಅವರದ್ದು ಬೇಡಮ್ಮ. ನಿಂದು ಹೇಳು."

"ತಡಿಯೇ, ಯೋಚ್ನೆ ಮಾಡಕ್ ಬಿಡು" ಎಂದಳು.

ರಾತ್ರಿ ಊಟಕ್ಕೆ ಕರೆದಾಗಲೂ ಮೊರವನ್ನು ಮುಂದಿಟ್ಟುಕೊಂಡು ಇನ್ನೂ ಯೋಚಿಸುತ್ತಲೇ ಇದ್ದಳು.